ಬಿ. ಜಿ. ಎಲ್. ಸ್ವಾಮಿ

ಬಿ. ಜಿ. ಎಲ್. ಸ್ವಾಮಿ (ಫೆಬ್ರವರಿ ೫, ೧೯೧೮ – ನವೆಂಬರ್ ೨, ೧೯೮೦) ಭಾರತದ ಪ್ರಮುಖ ಸಸ್ಯವಿಜ್ಞಾನಿಗಳಲ್ಲಿ ಒಬ್ಬರು ಹಾಗೂ ಕನ್ನಡದ ಹೆಸರಾಂತ ಲೇಖಕರು. ಇವರ ಪೂರ್ಣ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಕವಿ, ಚಿಂತಕ ಡಿ. ವಿ. ಗುಂಡಪ್ಪನವರ ಪುತ್ರರು. ಸಸ್ಯಗಳ ಭ್ರೂಣಶಾಸ್ತ್ರ ಮತ್ತು ಅಂಗರಚನಾಶಾಸ್ತ್ರ ಇವರ ಸಂಶೋಧನೆಯ ಮುಖ್ಯ ಕ್ಷೇತ್ರಗಳು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು. ಇವರ ಹಸುರು ಹೊನ್ನು ಕೃತಿಗೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಕನ್ನಡ ಓದುಗರಲ್ಲಿ ಸ್ವಾಮಿಯವರು ತಿಳಿಹಾಸ್ಯದ ಪ್ರಬಂಧಕಾರರೆಂದೇ ಹೆಚ್ಚು ಪರಿಚಿತರು. ಸಸ್ಯವಿಜ್ಞಾನಿಗಳಿಗೆ ಅವರ ಪರಿಚಯವಿರುವುದು ಬೇರೊಂದು ಕೆಲಸದಿಂದ. ಕಣ್ಣಿಗೆ ಕಾಣದಷ್ಟು ಕಿರಿದಾದ ಅಂಡಕಗಳನ್ನೂ ಕಬ್ಬಿಣದಂತೆ ಗಟ್ಟಿಯಾದ ಮರದ ತುಂಡುಗಳನ್ನೂ ಮೈಕ್ರೋಟೋಮ್ ಎಂಬ ಯಂತ್ರದ ಅಲಗಿನಿಂದ ಕೂದಲೆಳೆಗಿಂತ ತೆಳುವಾದ ಪದರಗಳಾಗಿ ಕೊಯ್ದು, ಸೂಕ್ಷ್ಮದರ್ಶಕದ ಕೆಳಗೆ ಓದಿ, ಹೂಬಿಡುವ ಸಸ್ಯಗಳ ವಂಶಚರಿತ್ರೆಯನ್ನು ಅರಿಯಲು ಯತ್ನಿಸಿದವರಲ್ಲಿ ಅವರು ಪ್ರಮುಖರು. ಅವರ ವೈಜ್ಞಾನಿಕ ತೀರ್ಮಾನಗಳ ಬಲ ಮತ್ತು ಮಿತಿ ಎರಡೂ ಈ ಕೊಯ್ಯುವ ವಿದ್ಯೆಯಲ್ಲಿಯೇ ಇವೆ.

ಜನನ ಮತ್ತು ವಿದ್ಯಾಭ್ಯಾಸ

ಸ್ವಾಮಿಯವರು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಡಿ. ವಿ. ಗುಂಡಪ್ಪ, ತಾಯಿ ಭಾಗೀರಥಮ್ಮ. ಸಾಹಿತಿಗಳು, ವಿದ್ವಾಂಸರು, ಪತ್ರಕರ್ತರು ಬಂದುಹೋಗುತ್ತಿದ್ದ ಮನೆಯಲ್ಲಿ ಬೆಳೆದರೂ ಅವರು ಆರಿಸಿಕೊಂಡದ್ದು ವಿಜ್ಞಾನವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಓದಿ ಪದವಿ ಪಡೆದರು. ಸಾಹಿತ್ಯದ ಸಂಸ್ಕಾರ ಅವರನ್ನು ಬಿಡಲಿಲ್ಲ. ಅದು ಫಲ ಕೊಟ್ಟದ್ದು ಮಾತ್ರ ಬಹಳ ವರ್ಷಗಳ ನಂತರ.

ಸಾವಿರದ ಒಂಬೈನೂರ ನಲವತ್ತರ ದಶಕದ ಆರಂಭದಲ್ಲಿಯೇ ಅವರ ಸಂಶೋಧನಾ ಲೇಖನಗಳು ಭಾರತದ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾಗತೊಡಗಿದವು. ಸಿಂಬಿಡಿಯಂ ಬೈಕಲರ್ ಎಂಬ ಆರ್ಕಿಡ್‌ನ ಭ್ರೂಣಚೀಲ ಮತ್ತು ಭ್ರೂಣದ ಬೆಳವಣಿಗೆಯನ್ನು ಕುರಿತ ಲೇಖನ ೧೯೪೨ರಲ್ಲಿ ಹೊರಬಂದಿತು. ಮುಂದಿನ ಹಲವು ವರ್ಷ ಆರ್ಕಿಡ್ ಕುಟುಂಬವೇ ಅವರ ಮುಖ್ಯ ಅಧ್ಯಯನವಸ್ತುವಾಯಿತು. ೧೯೪೭ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಡಿ.ಎಸ್‌ಸಿ. ಪದವಿ ನೀಡಿತು.

ಅಧ್ಯಯನಕ್ಕೆ ಆಧಾರವಾದ ಕೊಯ್ಲಿನ ವಿದ್ಯೆ

ಹೂವಿನ ಅಂಡಾಶಯದೊಳಗೆ ಅಂಡಕಗಳಿರುತ್ತವೆ. ಒಂದೊಂದು ಅಂಡಕದೊಳಗೆ ಒಂದು ಭ್ರೂಣಚೀಲವಿರುತ್ತದೆ. ಸಾಮಾನ್ಯವಾಗಿ ಏಳು ಕೋಶಗಳು, ಎಂಟು ಕೋಶಕೇಂದ್ರಗಳಿರುವ ಈ ಚೀಲದಲ್ಲಿಯೇ ಗರ್ಭಾಂಕುರವಾಗುವುದು, ಭ್ರೂಣ ಬೆಳೆಯುವುದು. ಇದನ್ನು ನೋಡಬೇಕಾದರೆ ಅಂಡಕವನ್ನು ಬಿಡಿಸಬೇಕು. ಆದರೆ ಬಿಡಿಸುವಾಗ ಒಳಗಿನ ಕೋಶಗಳು ಇದ್ದ ಸ್ಥಾನದಿಂದ ಕದಲಬಾರದು. ಸಸ್ಯ ಭ್ರೂಣಶಾಸ್ತ್ರದ ಪ್ರಯೋಗಕ್ರಮವೆಲ್ಲ ಈ ಒಂದು ಕಷ್ಟವನ್ನು ನಿವಾರಿಸಲೆಂದೇ ರೂಪುಗೊಂಡಿದೆ.

ಕಾಲೇಜಿನ ಮೊದಲ ತರಗತಿಗಳಲ್ಲಿ ವಿದ್ಯಾರ್ಥಿಗಳು ಕಾಂಡವನ್ನೋ ಎಲೆಯನ್ನೋ ಬೆಂಡಿನ ನಡುವೆ ಹಿಡಿದು ಕ್ಷೌರದ ಕತ್ತಿಯಿಂದ ಕೈಯಲ್ಲೇ ಕೊಯ್ಯುತ್ತಾರೆ. ಕೈ ಪಳಗಿದವರಿಗೆ ಇದರಿಂದ ಒಳ್ಳೆಯ ಛೇದಗಳು ಸಿಗುತ್ತವೆ. ಆದರೆ ಒಂದು ಛೇದದ ದಪ್ಪ ಇನ್ನೊಂದಕ್ಕೆ ಸಮನಾಗಿರುವುದಿಲ್ಲ, ನಡುವೆ ಕೆಲವು ಕಳೆದೂ ಹೋಗುತ್ತವೆ. ಭ್ರೂಣಚೀಲದ ಅಧ್ಯಯನಕ್ಕೆ ಬೇಕಾದುದು ಸರಣಿ ಛೇದಗಳು: ಅಂಗವೊಂದನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಮಾನ ದಪ್ಪದ ಪದರಗಳಾಗಿ ಕೊಯ್ದು, ಒಂದನ್ನೂ ಬಿಡದೆ ಅದೇ ಕ್ರಮದಲ್ಲಿ ಗಾಜಿನ ಮೇಲೆ ಜೋಡಿಸುವುದು. ಇದು ಮೈಕ್ರೋಟೋಮಿನಿಂದ ಮಾತ್ರ ಸಾಧ್ಯ.

ಇದಕ್ಕಾಗಿ ಸಸ್ಯಭಾಗವನ್ನು ಮೊದಲು ಫಾರ್ಮಲಿನ್, ಅಸಿಟಿಕ್ ಆಮ್ಲ ಮತ್ತು ಆಲ್ಕೊಹಾಲ್‌ಗಳ ಮಿಶ್ರಣದಲ್ಲಿ ಹಾಕಿ ಕೋಶಗಳು ಇದ್ದಂತೆಯೇ ಉಳಿಯುವ ಹಾಗೆ ಮಾಡುತ್ತಾರೆ. ಬಳಿಕ ಹಂತಹಂತವಾಗಿ ನೀರನ್ನು ತೆಗೆದು, ಆ ಜಾಗಕ್ಕೆ ಕರಗಿದ ಪ್ಯಾರಾಫಿನ್ ಮೇಣವನ್ನು ಸೇರಿಸುತ್ತಾರೆ. ಮೇಣ ಆರಿದಾಗ ಅಂಡಾಶಯವು ಗಟ್ಟಿಯಾದ ಅಚ್ಚಿನಲ್ಲಿ ಹುದುಗಿದ ವಸ್ತುವಾಗುತ್ತದೆ. ಈ ಅಚ್ಚನ್ನು ಯಂತ್ರಕ್ಕೆ ಸಿಕ್ಕಿಸಿ ಚಕ್ರವನ್ನು ತಿರುಗಿಸಿದರೆ, ಒಂದೊಂದು ಸುತ್ತಿಗೂ ಅಚ್ಚು ನಿಗದಿಯಾದಷ್ಟು ಮುಂದೆ ಸರಿದು ಅಲಗಿನ ಮೇಲೆ ಇಳಿಯುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಭ್ರೂಣಶಾಸ್ತ್ರದ ಛೇದಗಳು ಸಾಮಾನ್ಯವಾಗಿ ಹತ್ತು ಮೈಕ್ರಾನಿನ ಆಸುಪಾಸಿನವು. ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಉದ್ದದ ಅಂಡಕದಿಂದ ೨೦ ಛೇದಗಳು ದೊರೆಯುತ್ತವೆ. ಒಂದು ಸೆಂಟಿಮೀಟರ್ ಉದ್ದದ ಅಂಡಾಶಯವನ್ನು ಪೂರ್ತಿ ಕೊಯ್ದರೆ ೧,೦೦೦. ಛೇದಗಳು ಒಂದರ ಅಂಚಿಗೆ ಇನ್ನೊಂದು ಅಂಟಿಕೊಂಡು ರಿಬ್ಬನ್ನಿನಂತೆ ಹೊರಬರುತ್ತವೆ. ಅವನ್ನು ಮೊಟ್ಟೆಯ ಬಿಳಿಭಾಗದ ಅಂಟನ್ನು ಸವರಿದ ಗಾಜಿನ ಮೇಲೆ ಕೂರಿಸಿ, ಮೇಣವನ್ನು ಕರಗಿಸಿ ತೆಗೆದು, ಬಣ್ಣ ಹಾಕುತ್ತಾರೆ.

ಈ ಕ್ರಮದಲ್ಲಿ ನಿರ್ಣಾಯಕವಾದುದು ಅಲಗು. ಸ್ವಾಮಿಯವರ ಕಾಲದಲ್ಲಿ ಅದು ಬೆಣೆಯ ಆಕಾರದ ತೂಕದ ಉಕ್ಕಿನ ಕತ್ತಿ. ಅದನ್ನು ಮಸೆಗಲ್ಲಿನ ಮೇಲೆ ಅಂಚು ಮುಂದಾಗಿ ಮಸೆಯಬೇಕು, ಆಮೇಲೆ ತೊಗಲಿನ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಉಜ್ಜಬೇಕು. ಅಂಚು ನೇರವಾಗಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ರೂಢಿ. ಅಂಚಿನಲ್ಲಿ ಸಣ್ಣದೊಂದು ಮುಕ್ಕು ಇದ್ದರೂ ಅದು ಸರಣಿಯ ಎಲ್ಲ ಛೇದಗಳ ಮೇಲೂ ಒಂದೇ ಜಾಗದಲ್ಲಿ ಗೀರು ಎಳೆಯುತ್ತದೆ; ಆ ಗೀರು ಭ್ರೂಣಚೀಲದ ಮೇಲೆ ಹಾದರೆ ದಿನಗಟ್ಟಲೆಯ ಸಿದ್ಧತೆ ವ್ಯರ್ಥ. ಅಲಗಿನ ಓರೆ ಹೆಚ್ಚಾದರೆ ಛೇದ ಹರಿಯುತ್ತದೆ, ಕಡಿಮೆಯಾದರೆ ಮುದುಡುತ್ತದೆ. ಬೇಸಿಗೆಯ ಸೆಕೆಯಲ್ಲಿ ಮೇಣ ಮೆತ್ತಗಾಗಿ ಛೇದಗಳು ಕುಗ್ಗುವುದರಿಂದ ದಕ್ಷಿಣ ಭಾರತದಂತಹ ಪ್ರದೇಶದಲ್ಲಿ ಹೆಚ್ಚು ಶಾಖಕ್ಕೆ ಕರಗುವ ಮೇಣವನ್ನು ಆರಿಸಬೇಕಾಗುತ್ತದೆ, ಅಚ್ಚನ್ನು ಮಂಜುಗಡ್ಡೆಯಿಂದ ತಣಿಸಬೇಕಾಗುತ್ತದೆ.

ಆರ್ಕಿಡ್‌ಗಳ ಸಂಶೋಧನೆ

ಆರ್ಕಿಡ್ ಸಸ್ಯಗಳು ಈ ವಿದ್ಯೆಗೆ ಕಠಿಣ ಪರೀಕ್ಷೆ. ಒಂದು ಅಂಡಾಶಯದಲ್ಲಿ ಸಾವಿರಾರು ಅಂಡಕಗಳಿದ್ದು, ಬೀಜಗಳು ಧೂಳಿನಷ್ಟು ಸಣ್ಣವಾಗಿರುತ್ತವೆ. ಬಹಳಷ್ಟು ಆರ್ಕಿಡ್‌ಗಳಲ್ಲಿ ಪರಾಗಸ್ಪರ್ಶವಾದ ಮೇಲಷ್ಟೇ ಅಂಡಕಗಳು ಪೂರ್ಣವಾಗಿ ಬೆಳೆಯುತ್ತವೆ. ಆದ್ದರಿಂದ ಹೂವಿಗೆ ಪರಾಗವನ್ನು ಮುಟ್ಟಿಸಿ, ದಿನಗಳನ್ನು ಲೆಕ್ಕವಿಟ್ಟು, ಬೇರೆ ಬೇರೆ ವಯಸ್ಸಿನ ಅಂಡಾಶಯಗಳನ್ನು ಸಂಗ್ರಹಿಸಬೇಕು. ಆರ್ಕಿಡ್‌ಗಳ ಅಂಗಾಂಶದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳು ಸಾಮಾನ್ಯ. ಅಲಗು ಹಾಯುವಾಗ ಇವು ಸುತ್ತಲಿನ ಕೋಶಗಳನ್ನು ಹರಿಯಬಲ್ಲವು.

ಸ್ವಾಮಿಯವರು ಅನೇಕ ಆರ್ಕಿಡ್ ಪ್ರಭೇದಗಳನ್ನು ಹೀಗೆ ಪರಿಶೀಲಿಸಿದರು. ಅವರ ಫಲಿತಾಂಶಗಳು ೧೯೪೯ರಲ್ಲಿ ಅಮೆರಿಕನ್ ಮಿಡ್‌ಲ್ಯಾಂಡ್ ನ್ಯಾಚುರಲಿಸ್ಟ್ ಪತ್ರಿಕೆಯಲ್ಲಿ ಎರಡು ಭಾಗಗಳಾಗಿ ಪ್ರಕಟವಾದವು. ಮೊದಲನೆಯ ಭಾಗ ಪರಾಗ ಮತ್ತು ಭ್ರೂಣಚೀಲಗಳನ್ನು ಕುರಿತದ್ದು. ಎರಡನೆಯದು ಭ್ರೂಣದ ಬೆಳವಣಿಗೆಯನ್ನು ಕುರಿತದ್ದು. ಭ್ರೂಣವನ್ನು ಹಿಡಿದುಕೊಂಡು ಅದಕ್ಕೆ ಆಹಾರವನ್ನು ಒದಗಿಸುವ ತೊಟ್ಟಿನಂತಹ ಭಾಗವು ಆರ್ಕಿಡ್‌ಗಳಲ್ಲಿ ಹಲವು ಬಗೆಗಳಲ್ಲಿ ಬೆಳೆಯುತ್ತದೆ. ಆ ಬಗೆಗಳನ್ನು ಸ್ವಾಮಿಯವರು ವಿಂಗಡಿಸಿದರು. ಆರ್ಕಿಡ್ ಹೂವಿನ ನಾಳವ್ಯೂಹವನ್ನು ಕುರಿತ ಅವರ ದೀರ್ಘ ಲೇಖನ ೧೯೪೮ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಸ್ಯ ವಸ್ತುಸಂಗ್ರಹಾಲಯದ ಪತ್ರಿಕೆಯಲ್ಲಿ ಬಂದಿತು. ಹೂವನ್ನು ಬುಡದಿಂದ ತುದಿಯವರೆಗೆ ಅಡ್ಡಲಾಗಿ ಕೊಯ್ದು, ಒಂದೊಂದು ನಾಳದ ಕಂತೆಯೂ ಎಲ್ಲಿ ಕವಲೊಡೆದು ಯಾವ ದಳಕ್ಕೆ ಸೇರುತ್ತದೆಂದು ಛೇದದಿಂದ ಛೇದಕ್ಕೆ ಹಿಂಬಾಲಿಸುವುದೇ ಇಂತಹ ಅಧ್ಯಯನದ ಮಾರ್ಗ.

ಹಾರ್ವರ್ಡ್ ವರ್ಷಗಳು

ಡಿ.ಎಸ್‌ಸಿ. ಪದವಿಯ ನಂತರ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿ ಇರ್ವಿಂಗ್ ವಿಡ್ಮರ್ ಬೈಲಿಯವರೊಡನೆ ಕೆಲಸ ಮಾಡಿದರು. ಬೈಲಿ (೧೮೮೪–೧೯೬೭) ಮರದ ಅಂಗರಚನೆಯಲ್ಲಿ ಆ ಕಾಲದ ಅಗ್ರಗಣ್ಯ ವಿದ್ವಾಂಸರು. ಮರವನ್ನು ಕೊಯ್ಯುವ ಸೂಕ್ಷ್ಮತಂತ್ರವನ್ನು ಕುರಿತು ಅವರು ೧೯೧೦ರಷ್ಟು ಹಿಂದೆಯೇ ಲೇಖನ ಬರೆದಿದ್ದರು. ತಿರುಗುಚಕ್ರದ ಮೈಕ್ರೋಟೋಮಿನ ವಿನ್ಯಾಸಕಾರರಲ್ಲಿ ಒಬ್ಬರಾದ ಚಾರ್ಲ್ಸ್ ಸೆಡ್ಜ್‌ವಿಕ್ ಮೈನಟ್ ಕೂಡ ಹಾರ್ವರ್ಡಿನ ವೈದ್ಯಕೀಯ ಶಾಲೆಯವರು. ಹೀಗೆ ಛೇದತಂತ್ರದಲ್ಲಿ ದೀರ್ಘ ಪರಂಪರೆಯಿದ್ದ ಸಂಸ್ಥೆಗೆ ಸ್ವಾಮಿಯವರು ಸೇರಿದಂತಾಯಿತು.

ಅಂಡಕ ಮೆತ್ತಗಿನ ವಸ್ತು, ಮರ ಹಾಗಲ್ಲ. ಮರದ ತುಂಡನ್ನು ಕುದಿಸಿ ಒಳಗಿನ ಗಾಳಿಯನ್ನು ಹೊರಹಾಕಬೇಕು. ಕೆಲವು ಮರಗಳಲ್ಲಿ ಮರಳಿನಂತಹ ಸಿಲಿಕಾ ಕಣಗಳಿರುತ್ತವೆ. ಅಲಗಿನ ಬಾಯಿ ಕೆಡದಿರಲು ಅವನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಕರಗಿಸಬೇಕು. ಮರವನ್ನು ಕೊಯ್ಯಲು ಬಳಸುವುದು ಜಾರುವ ಮೈಕ್ರೋಟೋಮ್. ಇದರಲ್ಲಿ ತುಂಡು ಸ್ಥಿರವಾಗಿದ್ದು ಅಲಗು ಅದರ ಮೇಲೆ ಓರೆಯಾಗಿ ಜಾರುತ್ತದೆ. ಅಡ್ಡ ಛೇದ, ತಿರುಳಿನ ದಿಕ್ಕಿನ ಉದ್ದ ಛೇದ, ತೊಗಟೆಗೆ ಸಮಾನಾಂತರವಾದ ಉದ್ದ ಛೇದ, ಈ ಮೂರನ್ನೂ ನೋಡಿದ ಮೇಲೆಯೇ ಮರದ ರಚನೆ ಅರ್ಥವಾಗುವುದು.

ಬೈಲಿ ಮತ್ತು ಸ್ವಾಮಿಯವರ ಮುಂದಿದ್ದ ಪ್ರಶ್ನೆ ಹಳೆಯದು: ಹೂಬಿಡುವ ಸಸ್ಯಗಳಲ್ಲಿ ಆದಿಮ ಲಕ್ಷಣಗಳನ್ನು ಉಳಿಸಿಕೊಂಡಿರುವುವು ಯಾವುವು? ಇದಕ್ಕೆ ಅವರು ಎರಡು ಸುಳಿವುಗಳನ್ನು ಹಿಡಿದರು. ಒಂದು, ನೀರು ಸಾಗಿಸುವ ಕೋಶಗಳು. ಇನ್ನೊಂದು, ಅಂಡಕಗಳನ್ನು ಮುಚ್ಚಿಟ್ಟುಕೊಳ್ಳುವ ಕಾರ್ಪೆಲ್ ಎಂಬ ಹೂಭಾಗ.

ನಾಳಗಳಿಲ್ಲದ ಮರಗಳು

ಪೈನ್ ಮೊದಲಾದ ಮರಗಳಲ್ಲಿ ನೀರು ಸಾಗುವುದು ಟ್ರೇಕೀಡ್ ಎಂಬ, ತುದಿ ಮುಚ್ಚಿದ ಉದ್ದನೆಯ ಕೋಶಗಳ ಮೂಲಕ. ಬಹುಪಾಲು ಹೂಬಿಡುವ ಮರಗಳಲ್ಲಿ ಕೋಶಗಳ ತುದಿಯ ಗೋಡೆ ತೂತಾಗಿ, ಒಂದರ ಮೇಲೊಂದು ಜೋಡಣೆಯಾಗಿ, ಕೊಳವೆಯಂತಹ ನಾಳಗಳಾಗಿರುತ್ತವೆ. ನಾಳಗಳು ಟ್ರೇಕೀಡ್‌ಗಳಿಂದ ವಿಕಾಸಗೊಂಡವು ಎಂಬುದು ಬೈಲಿಯವರ ಪ್ರತಿಪಾದನೆ. ಹಾಗಿದ್ದರೆ ನಾಳಗಳೇ ಇಲ್ಲದ ಹೂಗಿಡಗಳು ಆದಿಮ ಸ್ಥಿತಿಯ ಸಾಕ್ಷಿಗಳಾಗಬೇಕು.

ಇಂತಹ ಸಸ್ಯವನ್ನು ಗುರುತಿಸುವುದು ಅಲಗಿನ ಕೆಲಸ. ತುದಿಗೋಡೆಯಲ್ಲಿ ತೂತಿದೆಯೋ ಇಲ್ಲವೋ ಎಂಬುದು ಛೇದವು ಸರಿಯಾಗಿ ಅದೇ ಗೋಡೆಯ ಮೇಲೆ ಹಾದಾಗ ಮಾತ್ರ ಕಾಣುತ್ತದೆ. ಇಲ್ಲ ಎಂದು ಹೇಳುವುದು ಇದೆ ಎಂದು ಹೇಳುವುದಕ್ಕಿಂತ ಕಷ್ಟ. ಅದಕ್ಕೆ ಬಹಳಷ್ಟು ಛೇದಗಳನ್ನು ನೋಡಿರಬೇಕು. ನ್ಯೂ ಕ್ಯಾಲಿಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಆಂಬೊರೆಲ್ಲ ಟ್ರೈಕೊಪೋಡ ಎಂಬ ಪೊದೆಗಿಡದಲ್ಲಿ ನಾಳಗಳಿಲ್ಲವೆಂದೂ, ಅದು ಆಗ ತಿಳಿದಿದ್ದ ಇತರ ನಾಳರಹಿತ ಸಸ್ಯಗಳಿಗಿಂತ ಭಿನ್ನವಾದ ಬಗೆಯೆಂದೂ ಬೈಲಿ ಮತ್ತು ಸ್ವಾಮಿಯವರು ೧೯೪೮ರಲ್ಲಿ ಪ್ರಕಟಿಸಿದರು. ೧೯೫೦ರಲ್ಲಿ ಸ್ವಾಮಿ ಮತ್ತು ಬೈಲಿಯವರು ಕ್ಲೊರಾಂತೇಸಿಯೆ ಕುಟುಂಬದ ಸಾರ್ಕಾಂಡ್ರ ಕುಲವನ್ನೂ ನಾಳರಹಿತವೆಂದು ವರ್ಣಿಸಿದರು. ಭಾರತಕ್ಕೆ ಮರಳಿದ ನಂತರ, ೧೯೫೩ರಲ್ಲಿ, ಸ್ವಾಮಿಯವರು ದಕ್ಷಿಣ ಭಾರತದಿಂದ ಇದೇ ಕುಲದ ಹೊಸ ಪ್ರಭೇದವೊಂದನ್ನು ವಿವರಿಸಿ, ಗುರುಸಮಾನರಾದ ಬೈಲಿಯವರ ಗೌರವಾರ್ಥ ಅದಕ್ಕೆ ಸಾರ್ಕಾಂಡ್ರ ಇರ್ವಿಂಗ್‌ಬೈಲೆಯಿ ಎಂದು ಹೆಸರಿಟ್ಟರು.

ಮಡಿಸಿದ ಎಲೆಯಂತಹ ಕಾರ್ಪೆಲ್

ಕಾರ್ಪೆಲನ್ನು ಕುರಿತ ಅಧ್ಯಯನಕ್ಕೆ ಪೆಸಿಫಿಕ್ ಸಾಗರದ ದ್ವೀಪಗಳ ಸಸ್ಯಗಳು ನೆರವಾದವು. ಫಿಜಿಯ ಡೀಜನೇರಿಯ ಎಂಬ ಮರವು ವಿಜ್ಞಾನಕ್ಕೆ ಪರಿಚಯವಾದದ್ದು ೧೯೪೨ರಲ್ಲಿ. ಅದರ ಕುಟುಂಬದ ರಚನೆಯನ್ನು ಕುರಿತು ಸ್ವಾಮಿಯವರು ೧೯೪೯ರಲ್ಲಿ ಲೇಖನ ಬರೆದರು. ಇಂತಹ ಸಸ್ಯಗಳ ಹೂಗಳು ಸಂಗ್ರಹಾಲಯದಲ್ಲಿ ದೊರೆಯುವುದು ಕೆಲವೇ ಕೆಲವು. ಒಮ್ಮೆ ಕೊಯ್ದ ಹೂವನ್ನು ಮತ್ತೆ ಕೂಡಿಸಲಾಗದು. ಯಾವ ದಿಕ್ಕಿನಿಂದ ಕೊಯ್ಯಬೇಕೆಂಬುದನ್ನು ಅಲಗು ತಾಕುವ ಮೊದಲೇ ನಿಶ್ಚಯಿಸಬೇಕು.

ಬೈಲಿ ಮತ್ತು ಸ್ವಾಮಿಯವರು ೧೯೫೧ರಲ್ಲಿ ಅಮೆರಿಕನ್ ಜರ್ನಲ್ ಆಫ್ ಬಾಟನಿಯಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದಲ್ಲಿ ಬಹುಕಾಲ ಚರ್ಚೆಗೆ ಆಧಾರವಾಯಿತು. ಡ್ರಿಮಿಸ್ ಕುಲದ ಕೆಲವು ಪ್ರಭೇದಗಳಲ್ಲಿಯೂ ಡೀಜನೇರಿಯದಲ್ಲಿಯೂ ಕಾರ್ಪೆಲ್ ಎಂಬುದು ನಡುವಿನ ನರದ ಗುಂಟ ಮಡಿಸಿದ ಎಲೆಯಂತಿದ್ದು, ಅದರ ಅಂಚುಗಳು ಪೂರ್ತಿ ಬೆಸೆದಿರುವುದಿಲ್ಲ. ಪರಾಗವನ್ನು ಹಿಡಿಯುವ ರೋಮಗಳು ತುದಿಯಲ್ಲಿ ಮಾತ್ರವಲ್ಲದೆ ಅಂಚಿನುದ್ದಕ್ಕೂ ಹರಡಿರುತ್ತವೆ. ಈ ಮಡಿಕೆಯೇ ಆದಿಮ ರೂಪವೆಂದೂ, ಅಂಚುಗಳು ಕ್ರಮೇಣ ಬೆಸೆದು ಇಂದಿನ ಸಾಮಾನ್ಯ ಹೂಗಳ ಮುಚ್ಚಿದ ಅಂಡಾಶಯ ರೂಪುಗೊಂಡಿತೆಂದೂ ಅವರು ವಾದಿಸಿದರು. ಸ್ವಾಮಿಯವರು ಮದ್ರಾಸಿನಲ್ಲಿಯೂ ಈ ವಿಷಯವನ್ನು ಮುಂದುವರಿಸಿದರು. ಕನಂಗ ಒಡೊರಾಟ ಎಂಬ ಸುಗಂಧಪುಷ್ಪದ ಮರದ ಕಾರ್ಪೆಲ್ ಕುರಿತು ಕೆ. ಪೆರಿಯಸಾಮಿಯವರೊಡನೆ ೧೯೫೬ರಲ್ಲಿ ಲೇಖನ ಪ್ರಕಟಿಸಿದರು.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ

ಸ್ವಾಮಿಯವರ ವೃತ್ತಿಜೀವನದ ಬಹುಭಾಗ ಕಳೆದದ್ದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ಮುಂದೆ ಕಾಲೇಜಿನ ಪ್ರಾಂಶುಪಾಲರೂ ಆದರು. ಅವರ ಮಾರ್ಗದರ್ಶನದಲ್ಲಿ ಅಲ್ಲಿ ಭ್ರೂಣಶಾಸ್ತ್ರದ ಸಂಶೋಧನೆ ನಡೆಯಿತು.

ಈ ಅವಧಿಯ ಮುಖ್ಯ ಕೆಲಸ ಭ್ರೂಣಾಹಾರವನ್ನು ಕುರಿತದ್ದು. ತೆಂಗಿನಕಾಯಿಯ ಎಳನೀರು ಮತ್ತು ಕೊಬ್ಬರಿ, ಅಕ್ಕಿಯ ಹಿಟ್ಟಿನ ಭಾಗ, ಇವೆಲ್ಲ ಭ್ರೂಣಾಹಾರವೇ. ಇದು ಬೆಳೆಯುವ ಕ್ರಮಗಳಲ್ಲಿ ಹೆಲೋಬಿಯಲ್ ಎಂಬುದು ಒಂದು. ಇದರಲ್ಲಿ ಮೊದಲ ವಿಭಜನೆಯೊಡನೆ ಒಂದು ಅಡ್ಡಗೋಡೆ ಮೂಡಿ ಭ್ರೂಣಚೀಲವನ್ನು ಎರಡು ಅಸಮ ಕೊಠಡಿಗಳಾಗಿ ಮಾಡುತ್ತದೆ. ಈ ತೆಳುಗೋಡೆ ಒಂದೆರಡು ಛೇದಗಳಲ್ಲಷ್ಟೇ ಕಾಣುವಂತಹುದು. ಆ ಛೇದ ಕಳೆದುಹೋದರೆ ಅಥವಾ ಆ ವಯಸ್ಸಿನ ಅಂಡಕ ಸಿಗದಿದ್ದರೆ ಸಸ್ಯವನ್ನು ತಪ್ಪು ಗುಂಪಿಗೆ ಸೇರಿಸುವ ಅಪಾಯವಿದೆ. ಸ್ವಾಮಿ ಮತ್ತು ಎನ್. ಪರಮೇಶ್ವರನ್ ಅವರು ೧೯೬೩ರಲ್ಲಿ ಬಯಲಾಜಿಕಲ್ ರಿವ್ಯೂಸ್ ಪತ್ರಿಕೆಯಲ್ಲಿ ಹೆಲೋಬಿಯಲ್ ಭ್ರೂಣಾಹಾರದ ಬಗ್ಗೆ ದೀರ್ಘ ಸಮೀಕ್ಷೆಯನ್ನು ಪ್ರಕಟಿಸಿ, ಅದುವರೆಗಿನ ವರದಿಗಳನ್ನು ಮರುಪರಿಶೀಲಿಸಿದರು. ಇದಕ್ಕೆ ಮೊದಲು, ೧೯೫೭ರಲ್ಲಿ, ದ್ವಿದಳ ಸಸ್ಯಗಳ ಭ್ರೂಣಾಹಾರವನ್ನು ಕುರಿತೂ ಸಹೋದ್ಯೋಗಿಯೊಡನೆ ಲೇಖನ ಬರೆದಿದ್ದರು.

ಕೆ. ವಿ. ಕೃಷ್ಣಮೂರ್ತಿಯವರೊಡನೆ ಸ್ವಾಮಿಯವರು ಬರೆದ, ಹೂವಿನಿಂದ ಕಾಯಿಯವರೆಗಿನ ಬೆಳವಣಿಗೆಯನ್ನು ವಿವರಿಸುವ ಭ್ರೂಣಶಾಸ್ತ್ರದ ಇಂಗ್ಲಿಷ್ ಪಠ್ಯಪುಸ್ತಕವು ೧೯೮೦ರಲ್ಲಿ ಪ್ರಕಟವಾಯಿತು. ನಿವೃತ್ತಿಯ ನಂತರ ಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದೊಡನೆ ಸಂಬಂಧ ಹೊಂದಿದ್ದರು. ೧೯೮೦ರ ನವೆಂಬರ್ ೨ರಂದು ನಿಧನರಾದರು.

ಕನ್ನಡ ಸಾಹಿತ್ಯ

ಸ್ವಾಮಿಯವರು ಕನ್ನಡದಲ್ಲಿ ಬರೆದ ಪುಸ್ತಕಗಳು ವೈವಿಧ್ಯಮಯ. ಹಸುರು ಹೊನ್ನು ಕೃತಿಯು ವಿದ್ಯಾರ್ಥಿಗಳೊಡನೆ ಅಧ್ಯಾಪಕನೊಬ್ಬ ಕೈಗೊಂಡ ಸಸ್ಯಸಂಗ್ರಹದ ಪ್ರವಾಸಗಳ ಕಥನ. ಪಶ್ಚಿಮ ಘಟ್ಟದ ಗಿಡಮರಗಳ ಲಕ್ಷಣ, ಹೆಸರು, ಉಪಯೋಗಗಳು ಅದರಲ್ಲಿ ಪ್ರಸಂಗಗಳ ನಡುವೆ ಸಹಜವಾಗಿ ಬೆರೆತಿವೆ. ಅದರ ಚಿತ್ರಗಳನ್ನೂ ಲೇಖಕರೇ ಬರೆದರು. ಭ್ರೂಣಶಾಸ್ತ್ರಜ್ಞನಿಗೆ ಚಿತ್ರರಚನೆ ಹೊರಗಿನ ಹವ್ಯಾಸವಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡ ಒಂದೊಂದು ಛೇದವನ್ನೂ ರೇಖೆಗಳಲ್ಲಿ ಬಿಡಿಸಿ, ಅವುಗಳಿಂದ ಇಡೀ ಅಂಗದ ಆಕಾರವನ್ನು ಮನಸ್ಸಿನಲ್ಲಿ ಮತ್ತೆ ಕಟ್ಟುವುದು ಆ ಶಾಸ್ತ್ರದ ಅಗತ್ಯವೇ ಆಗಿದೆ.

ಕಾಲೇಜು ರಂಗ, ಕಾಲೇಜು ತರಂಗ, ಪ್ರಾಧ್ಯಾಪಕನ ಪೀಠದಲ್ಲಿ ಮೊದಲಾದವು ಶಿಕ್ಷಣಸಂಸ್ಥೆಗಳ ಒಳಗಿನ ಬದುಕನ್ನು ವಿಡಂಬನೆಯ ದೃಷ್ಟಿಯಿಂದ ಚಿತ್ರಿಸುತ್ತವೆ. ಕಾಲೇಜು ರಂಗವನ್ನು ಪುಟ್ಟಣ್ಣ ಕಣಗಾಲರು ೧೯೭೬ರಲ್ಲಿ ಚಲನಚಿತ್ರವಾಗಿಸಿದರು. ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಎಂಬ ಪುಸ್ತಕವು ಮೆಣಸಿನಕಾಯಿ, ಆಲೂಗಡ್ಡೆಯಂತಹ ನಿತ್ಯದ ಆಹಾರಸಸ್ಯಗಳು ದೂರದ ಖಂಡದಿಂದ ಬಂದ ಬಗೆಯನ್ನು ತಿಳಿಸುತ್ತದೆ. ಶಾಸನಗಳಲ್ಲಿ ಗಿಡಮರಗಳು ಎಂಬುದು ಸಸ್ಯಶಾಸ್ತ್ರವನ್ನೂ ಶಾಸನಾಧ್ಯಯನವನ್ನೂ ಜೊತೆಗೂಡಿಸಿದ ಕೃತಿ. ತಂದೆ ಡಿ. ವಿ. ಜಿ. ಅವರಿಗೆ ೧೯೬೭ರಲ್ಲಿಯೂ ಮಗನಿಗೆ ೧೯೭೮ರಲ್ಲಿಯೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದುದು ವಿಶೇಷ.

ನಂತರದ ಕಾಲದಲ್ಲಿ ಅವರ ಸಂಶೋಧನೆಗಳು

ಸ್ವಾಮಿಯವರ ತೀರ್ಮಾನಗಳಲ್ಲಿ ಕೆಲವು ಮುಂದಿನ ಸಂಶೋಧನೆಯಿಂದ ಬಲಗೊಂಡವು, ಕೆಲವು ತಿದ್ದುಪಡಿಗೆ ಒಳಗಾದವು. ೧೯೯೯ರಲ್ಲಿ ಡಿ.ಎನ್.ಎ. ಹೋಲಿಕೆಯ ಆಧಾರದ ಮೇಲೆ ನಡೆದ ಅಧ್ಯಯನಗಳು ಆಂಬೊರೆಲ್ಲವನ್ನು ಉಳಿದೆಲ್ಲ ಹೂಬಿಡುವ ಸಸ್ಯಗಳಿಂದ ಮೊದಲು ಕವಲೊಡೆದ ಶಾಖೆಯೆಂದು ಗುರುತಿಸಿದವು. ಅದರ ಸಂಪೂರ್ಣ ತಳಿಸಂಕೇತ ೨೦೧೩ರಲ್ಲಿ ಪ್ರಕಟವಾಯಿತು. ಅಲಗು ಮತ್ತು ಮಸೂರಗಳ ನೆರವಿನಿಂದ ೧೯೪೮ರಲ್ಲಿ ವಿಶಿಷ್ಟವೆಂದು ಬೇರ್ಪಡಿಸಿದ ಗಿಡವೇ ಇಂದು ಹೂಗಿಡಗಳ ಉಗಮದ ಚರ್ಚೆಯ ಕೇಂದ್ರದಲ್ಲಿದೆ.

ಸಾರ್ಕಾಂಡ್ರದ ವಿಷಯ ಬೇರೆಯಾಯಿತು. ೧೯೮೭ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಅವರು ಆ ಕುಲದ ಬೇರಿನ ಮರದಲ್ಲಿ ನಾಳಗಳಿವೆಯೆಂದು ತೋರಿಸಿದರು. ಹೀಗಾಗಿ ಸಾರ್ಕಾಂಡ್ರವನ್ನು ಪೂರ್ಣವಾಗಿ ನಾಳರಹಿತವೆನ್ನುವಂತಿಲ್ಲ. ಕಾರ್ಪೆಲಿನ ವಿಚಾರದಲ್ಲಿಯೂ ಅಭಿಪ್ರಾಯ ಬದಲಾಗಿದೆ. ಆಂಬೊರೆಲ್ಲ ಮತ್ತು ಅದರ ಸಮೀಪದ ಆದಿಮ ಶಾಖೆಗಳಲ್ಲಿ ಕಾರ್ಪೆಲ್ ಮಡಿಸಿದ ಎಲೆಯಂತಿರದೆ ಹೆಚ್ಚಾಗಿ ಚೀಲದಂತಿದ್ದು, ಅದರ ಬಾಯಿ ಸ್ರವಿಸುವ ದ್ರವದಿಂದ ಮುಚ್ಚಿರುತ್ತದೆ. ಆದ್ದರಿಂದ ಮಡಿಕೆಯ ರೂಪವೇ ಮೂಲವೆಂಬ ವಾದವನ್ನು ಇಂದು ಬಹಳ ಮಂದಿ ಒಪ್ಪುವುದಿಲ್ಲ. ಆದರೆ ಡ್ರಿಮಿಸ್, ಡೀಜನೇರಿಯಗಳ ಕಾರ್ಪೆಲ್ ಹೇಗಿದೆ ಎಂಬ ವರ್ಣನೆ ಹಾಗೆಯೇ ನಿಂತಿದೆ. ವ್ಯಾಖ್ಯಾನ ಬದಲಾಗುವುದು ವಿಜ್ಞಾನದಲ್ಲಿ ಸಹಜ. ಸರಿಯಾಗಿ ಕೊಯ್ದು, ಸರಿಯಾಗಿ ನೋಡಿ, ಸರಿಯಾಗಿ ಚಿತ್ರಿಸಿದ ಛೇದ ಮುಂದಿನ ವ್ಯಾಖ್ಯಾನಕ್ಕೂ ಆಧಾರವಾಗುತ್ತದೆ.

ಕೊಯ್ಯುವ ಉಪಕರಣಗಳೂ ಬದಲಾಗಿವೆ. ಸ್ವಾಮಿಯವರು ಹಾರ್ವರ್ಡಿನಿಂದ ಮರಳಿದ ಕಾಲಕ್ಕೆ, ೧೯೫೦ರಲ್ಲಿ, ಒಡೆದ ಗಾಜಿನ ಅಂಚನ್ನು ಅಲಗಾಗಿ ಬಳಸುವ ಕ್ರಮ ಬಂದಿತು. ಕೆಲವೇ ವರ್ಷಗಳಲ್ಲಿ ವಜ್ರದ ಅಲಗೂ ಬಂದಿತು. ಇವುಗಳಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಬೇಕಾದ, ಮೈಕ್ರಾನಿನ ಹತ್ತನೆಯ ಒಂದು ಭಾಗಕ್ಕಿಂತಲೂ ತೆಳುವಾದ ಛೇದಗಳು ಸಾಧ್ಯವಾದವು. ೧೯೯೦ರ ದಶಕದಿಂದ ಈಚೆಗೆ ಲೇಸರ್ ಕಿರಣದ ನೆರವಿನಿಂದ ಛೇದದೊಳಗಿನ ಬೇಕಾದ ಕೋಶಗಳನ್ನಷ್ಟೇ ಬೇರ್ಪಡಿಸಿ ತೆಗೆಯುವ ಸೂಕ್ಷ್ಮವಿಚ್ಛೇದನ ಬಳಕೆಗೆ ಬಂದಿದೆ. ಕಾಲೇಜು ಪ್ರಯೋಗಾಲಯಗಳಲ್ಲಿ ಮಸೆಯುವ ಕತ್ತಿಯ ಬದಲು ಬಳಸಿ ಎಸೆಯುವ ಬ್ಲೇಡುಗಳು ಬಂದಿವೆ. ಆದರೂ ಅಂಡಕವನ್ನು ಮೇಣದಲ್ಲಿ ಹುದುಗಿಸಿ, ಒಂದು ಛೇದವನ್ನೂ ಬಿಡದೆ ಸರಣಿಯಾಗಿ ಕೊಯ್ದು ನೋಡುವ ಕ್ರಮವು ಸಸ್ಯ ಭ್ರೂಣಶಾಸ್ತ್ರದ ಮೊದಲ ಪಾಠವಾಗಿ ಇಂದಿಗೂ ಉಳಿದಿದೆ.

ಪ್ರಮುಖ ಕನ್ನಡ ಕೃತಿಗಳು

ಹಸುರು ಹೊನ್ನು
ಕಾಲೇಜು ರಂಗ
ಕಾಲೇಜು ತರಂಗ
ಪ್ರಾಧ್ಯಾಪಕನ ಪೀಠದಲ್ಲಿ
ತಮಿಳು ತಲೆಗಳ ನಡುವೆ
ಅಮೆರಿಕದಲ್ಲಿ ನಾನು
ಪಂಚಕಲಶ ಗೋಪುರ
ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ
ಸಾಕ್ಷಾತ್ಕಾರದ ದಾರಿಯಲ್ಲಿ
ಶಾಸನಗಳಲ್ಲಿ ಗಿಡಮರಗಳು
ಮೈಸೂರು ಡೈರಿ